ಫಾಲ್ಸ್ ಸೀಲಿಂಗ್ ಮುಚ್ಚುವ ಮೊದಲು ಕೇಬಲ್ ಎಳೆಸಿ

ಹೊಸ ಕಚೇರಿ ಮಾಡುವವರು ಫಾಲ್ಸ್ ಸೀಲಿಂಗ್, ಪೇಂಟು, ಮೇಜು-ಕುರ್ಚಿ ಎಲ್ಲ ಮುಗಿಸಿಕೊಂಡು ಕೊನೆಗೆ ನೆಟ್‌ವರ್ಕ್‌ನವರನ್ನು ಕರೆಸುತ್ತಾರೆ. ಆಗ ಅವರಿಗೆ ಉಳಿಯುವ ದಾರಿ ಒಂದೇ: ಸ್ವಿಚ್‌ನಿಂದ ಪ್ರತಿ ಕಂಪ್ಯೂಟರ್‌ಗೂ ನೇರ ವೈರು ಎಳೆದು, ತುದಿಗೆ ಆರ್‌ಜೆ-45 ಕ್ರಿಂಪ್ ಮಾಡಿ ಹೊರಡುವುದು. ಮೇಜು ಎರಡಡಿ ಸರಿಸಿದರೆ ವೈರು ಸಾಲದು; ತುದಿ ಮುರಿದರೆ ಮತ್ತೆ ಕ್ರಿಂಪ್, ಮತ್ತಷ್ಟು ಗಿಡ್ಡ. ಸ್ಟ್ರಕ್ಚರ್ಡ್ ಕೇಬಲಿಂಗ್‌ನಲ್ಲಿ ಗೋಡೆಯೊಳಗಿನ ಕೇಬಲ್‌ನ ಒಂದು ತುದಿ ಗೋಡೆಯ ಸಾಕೆಟ್‌ನಲ್ಲಿ, ಇನ್ನೊಂದು ರ‍್ಯಾಕ್‌ನ ಪ್ಯಾಚ್ ಪ್ಯಾನೆಲ್‌ನಲ್ಲಿ ಕಾಯಂ ಕೂರುತ್ತದೆ. ಆಮೇಲಿನ ಬದಲಾವಣೆಗಳಿಗೆಲ್ಲ ಪ್ಯಾಚ್ ಕಾರ್ಡ್ ಸಾಕು. ಸ್ವಿಚ್, ರೂಟರ್‌ಗಳನ್ನು ನಾಲ್ಕೈದು ವರ್ಷಕ್ಕೆ ಬದಲಿಸುತ್ತೇವೆ, ಗೋಡೆಯೊಳಗಿನ ಕೇಬಲ್ ಅದರ ಎರಡು-ಮೂರು ಪಟ್ಟು ಕಾಲ ಅಲ್ಲೇ ಇರುತ್ತದೆ. ಆದ್ದರಿಂದ ಉಳಿತಾಯ ಎಲ್ಲಿ ಮಾಡಿದರೂ ಸರಿ, ಇಲ್ಲಿ ಬೇಡ.

ಮೊದಲು ನಕ್ಷೆಯ ಮೇಲೆ ಗುರುತು ಹಾಕಿ: ಪ್ರತಿ ಆಸನಕ್ಕೆ ಎರಡು ಪಾಯಿಂಟ್, ಜೊತೆಗೆ ಪ್ರಿಂಟರ್, ಸಿಸಿಟಿವಿ, ಹಾಜರಾತಿ ಯಂತ್ರ. ರ‍್ಯಾಕ್ ಆದಷ್ಟು ನಡುವೆ, ಗಾಳಿಯಾಡುವ ಕಡೆ ಇರಲಿ. ಪ್ಯಾಚ್ ಪ್ಯಾನೆಲ್‌ನಿಂದ ಸಾಕೆಟ್‌ವರೆಗೆ 90 ಮೀಟರ್, ಪ್ಯಾಚ್ ಕಾರ್ಡ್‌ಗಳೂ ಸೇರಿ 100 ಮೀಟರ್ ಗರಿಷ್ಠ ಮಿತಿ. ಸಾಮಾನ್ಯ ಕಚೇರಿಗೆ ಕ್ಯಾಟ್-6 ಸಾಕು. ಪೂರ್ಣ 100 ಮೀಟರ್‌ಗೂ 10 ಗಿಗಾಬಿಟ್ ಬೇಕಾದರೆ ಮಾತ್ರ ಕ್ಯಾಟ್-6ಎ. ಕರೆಂಟ್ ವೈರಿನ ಪೈಪಿನಲ್ಲೇ ನೆಟ್‌ವರ್ಕ್ ಕೇಬಲನ್ನೂ ತೂರಿಸಲು ಎಲೆಕ್ಟ್ರಿಷಿಯನ್‌ಗೆ ಬಿಡಬೇಡಿ.

‘ವೈ-ಫೈ ಇರುವಾಗ ಇಷ್ಟೆಲ್ಲ ಯಾಕೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸೀಲಿಂಗ್‌ನಲ್ಲಿ ಕೂರುವ ಆಕ್ಸೆಸ್ ಪಾಯಿಂಟ್‌ಗೆ ಡೇಟಾ ಬರುವುದು ಕೇಬಲ್‌ನಿಂದಲೇ. ಪಿಓಇ (ಪವರ್ ಓವರ್ ಈಥರ್‌ನೆಟ್) ಇದ್ದರೆ ವಿದ್ಯುತ್ತೂ ಅದರಲ್ಲೇ. ಗಾಳಿಯಲ್ಲಿ ಹೋಗುವುದು ಅಲ್ಲಿಂದ ಲ್ಯಾಪ್‌ಟಾಪ್‌ವರೆಗಿನ ಕೆಲವು ಮೀಟರ್ ಮಾತ್ರ, ಅದನ್ನೂ ಕೋಣೆಯಲ್ಲಿರುವವರೆಲ್ಲ ಹಂಚಿಕೊಳ್ಳಬೇಕು. ವೈ-ಫೈ ಚೆನ್ನಾಗಿರಬೇಕೆನ್ನುವವರಿಗೇ ಒಳ್ಳೆಯ ಕೇಬಲ್ ಹೆಚ್ಚು ಬೇಕು.

ಹೆಚ್ಚಿನವರು ಮೋಸ ಹೋಗುವುದು ಕೇಬಲ್ ಕೊಳ್ಳುವಾಗ. 305 ಮೀಟರ್‌ನ ಡಬ್ಬದ ಮೇಲೆ ದೊಡ್ಡದಾಗಿ ಕ್ಯಾಟ್-6 ಎಂದಿರುತ್ತದೆ, ಮೂಲೆಯಲ್ಲಿ ಸಣ್ಣದಾಗಿ ಸಿಸಿಎ ಎಂದಿರುತ್ತದೆ. ಕೆಲವದರಲ್ಲಿ ಅದೂ ಇರುವುದಿಲ್ಲ. ಸಿಸಿಎ ಎಂದರೆ ಅಲ್ಯುಮಿನಿಯಂ ತಂತಿಗೆ ತಾಮ್ರದ ತೆಳು ಲೇಪ. ಇದರ ವಿದ್ಯುತ್ ರೋಧ ಶುದ್ಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಟಿಐಎ-568 ಮಾನದಂಡ ಇದನ್ನು ಒಪ್ಪುವುದೇ ಇಲ್ಲ. ‘ನಮ್ಮಲ್ಲಿ ಹಾಕಿದ್ದೇವೆ, ನಡೀತಿದೆ’ ಎನ್ನುವವರಿದ್ದಾರೆ. ಕಡಿಮೆ ದೂರಕ್ಕೆ, ಬರಿಯ ಡೇಟಾಕ್ಕೆ ನಡೆಯುತ್ತದೆ, ನಿಜ. ಆದರೆ 2003ರಲ್ಲಿ 15.4 ವಾಟ್ ಇದ್ದ ಪಿಓಇ ಮಿತಿ 2018ರ ಹೊತ್ತಿಗೆ 90 ವಾಟ್ ಆಗಿದೆ. ಅಷ್ಟು ವಿದ್ಯುತ್ತು ಹರಿದಾಗ ಸಿಸಿಎ ಕಾಯುತ್ತದೆ, ದೂರದ ಕ್ಯಾಮೆರಾ ರಾತ್ರಿ ಐಆರ್ ದೀಪ ಹೊತ್ತಿಕೊಂಡೊಡನೆ ಆಫ್ ಆಗುತ್ತದೆ, ಬೈಯಿಸಿಕೊಳ್ಳುವುದು ಕ್ಯಾಮೆರಾ ಕಂಪನಿ. ಅಲ್ಯುಮಿನಿಯಂ ಬೇಗ ಮುರಿಯುವುದರಿಂದ ಪಂಚ್ ಮಾಡುವಾಗಲೇ ಎಳೆ ತುಂಡಾಗುವುದೂ ಉಂಟು. ಗುರುತಿಸುವುದು ಸುಲಭ. ಒಂದು ಎಳೆಯನ್ನು ಬ್ಲೇಡಿನಿಂದ ಹೆರೆಯಿರಿ. ಒಳಗೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಗೆ ಹೊಳೆದರೆ ವಾಪಸ್ ಕಳಿಸಿ. ಡಬ್ಬ ತೀರಾ ಹಗುರವಾಗಿದ್ದರೂ ಅನುಮಾನ ಪಡಿ.

ಉಳಿದದ್ದು ಚಿಕ್ಕದಾಗಿ. ಜೋಡಿ ಎಳೆಗಳ ತಿರುಚನ್ನು ತುದಿಯಲ್ಲಿ 13 ಮಿಲಿಮೀಟರ್‌ಗಿಂತ ಹೆಚ್ಚು ಬಿಡಿಸಬಾರದು. ಎಳೆಗಳ ಬಣ್ಣದ ಕ್ರಮ ಎರಡೂ ಕಡೆ ಟಿ568ಬಿ ಎಂದರೆ ಎಲ್ಲೆಡೆ ಅದೇ. ಎರಡೂ ತುದಿಗೆ ಒಂದೇ ಸಂಖ್ಯೆಯ ಲೇಬಲ್ ಅಂಟಿಸಿ. ಎಂಟು ದೀಪ ಮಿನುಗುವ ಅಗ್ಗದ ಟೆಸ್ಟರ್ ಎಳೆ ಕೂಡಿದೆಯೇ ಎಂದಷ್ಟೇ ಹೇಳುತ್ತದೆ, ವೇಗ ಬರುತ್ತದೆಯೇ ಎಂದಲ್ಲ. ಸರ್ಟಿಫಿಕೇಶನ್ ಟೆಸ್ಟರ್‌ನ ವರದಿ ಕೇಳಿ. ಆ ವರದಿ ಮತ್ತು ಪಾಯಿಂಟ್‌ಗಳ ಸಂಖ್ಯೆ ಬರೆದ ನಕ್ಷೆ ಕೈಗೆ ಬರುವವರೆಗೆ ಗುತ್ತಿಗೆದಾರರ ಕೊನೆಯ ಕಂತು ಕೊಡಬೇಡಿ.