ಎಣ್ಣೆ ಎಂಜಿನದ ಹೆಡ್ಡಿನ ಸ್ಟಡ್ಡುಗಳನ್ನು ಕೂಡ್ರಿಸುವ ಕ್ರಮ

ಭೀಮಾ ನದಿಯ ದಂಡೆಯ ದೇವಣಗಾಂವದಂಥ ಊರುಗಳಲ್ಲಿ ನೀರೆತ್ತುವದಕ್ಕೆ ಹಳೆಯ ಎಣ್ಣೆ ಎಂಜಿನವನ್ನು ಇಟ್ಟುಕೊಂಡ ಜಮೀನದಾರರು ಅದನ್ನು ಬಿಚ್ಚಿ ದುರಸ್ತಿ ಮಾಡಿಸುವಾಗ ಪಿಸ್ಟನ್ನು, ರಿಂಗುಗಳ ಕಡೆಗೆ ಲಕ್ಷ್ಯ ಕೊಡುವಷ್ಟು ಹೆಡ್ಡಿನ ಸ್ಟಡ್ಡುಗಳ ಕಡೆಗೆ ಕೊಡುವದಿಲ್ಲ. ಸ್ಟಡ್ಡು ಸಡಿಲಾದರೆ ಗ್ಯಾಸ್ಕೆಟ್ಟು ಸುಟ್ಟು, ಕಬ್ಬಿಗೆ ನೀರು ಬೇಕಾದ ಹೊತ್ತಿಗೇ ಎಂಜಿನವು ನಿಲ್ಲುವದು. ಬೀಡಿನ ಬ್ಲಾಕು ಸೀಳಿದರಂತೂ ಹಾನಿಯು ಸ್ಟಡ್ಡಿನ ಬೆಲೆಯ ಎಷ್ಟೋ ಪಟ್ಟು ಆಗುವದು.

ಇಂಗ್ಲೆಂಡದ ಡರ್ಸ್ಲಿಯ ಲಿಸ್ಟರ್ ಕಂಪನಿಯವರ 6 ಅಶ್ವಶಕ್ತಿಯ ಹಳೆಯ ಎಂಜಿನದ ಸಿಲಿಂಡರಿನ ವ್ಯಾಸವು 4½ ಇಂಚು. ಇದೇ ಮಾದರಿಯ ಎಂಜಿನಗಳು ರಾಜಕೋಟದಲ್ಲಿಯೂ ತಯಾರಾದವು. ಎಣ್ಣೆ ಉರಿಯುವಾಗ ಒಳಗಿನ ಒತ್ತಡವನ್ನು ಚದರ ಸೆಂಟಿಮೀಟರಿಗೆ 40 ಕಿಲೋಗ್ರಾಮ್ ಎಂದು ಹಿಡಿದರೆ, ಹೆಡ್ಡನ್ನು ಮೇಲಕ್ಕೆ ನೂಕುವ ಬಲವು 4,000 ಕಿಲೋಗ್ರಾಮಿಗೆ ಮಿಕ್ಕುವದು; ನಾಲ್ಕು ಸ್ಟಡ್ಡುಗಳಲ್ಲಿ ಒಂದೊಂದರ ಪಾಲಿಗೆ ಸುಮಾರು 1,000. ನಿಮಿಷಕ್ಕೆ 650 ಸುತ್ತು ತಿರುಗುವಾಗ ಈ ಹೊಡೆತವು 325 ಸಲ ಬೀಳುವದು.

(1) ಹಳೆಯ ಸ್ಟಡ್ಡನ್ನು ತೆಗೆಯುವದು: ಬುಡಕ್ಕೆ ಸೀಮೆಎಣ್ಣೆ ಹಾಕಿ ಒಂದು ರಾತ್ರಿ ಬಿಡತಕ್ಕದ್ದು. ಮೇಲ್ತುದಿಗೆ ಎರಡು ನಟ್ಟುಗಳನ್ನು ಹಾಕಿ ಒಂದಕ್ಕೊಂದು ಬಿಗಿದು, ಕೆಳಗಿನ ನಟ್ಟನ್ನು ಪಾನಾದಿಂದ ತಿರುವಿದರೆ ಸ್ಟಡ್ಡು ಬಿಚ್ಚುವದು.

(2) ಪರೀಕ್ಷೆ: ಸ್ವಚ್ಛ ಮಾಡಿದ ಸ್ಟಡ್ಡಿನ ಮೇಲೆ ನಟ್ಟು ಕೈಬೆರಳಿನಿಂದಲೇ ಕೊನೆಯ ವರೆಗೆ ಇಳಿಯಬೇಕು. ನಡುವೆ ತಡೆದರೆ ಸ್ಟಡ್ಡು ಜಗ್ಗಿರಬಹುದು. ಅದನ್ನು ತಿರುಗಿ ಉಪಯೋಗಿಸಕೂಡದು. ಸಾದಾ ಕಬ್ಬಿಣದ ಸಲಾಕೆಯಿಂದ ಮಾಡಿಸಿದ ಸ್ಟಡ್ಡು ಬೇಗನೆ ಜಗ್ಗುವದು. ತಯಾರಕರ ಸ್ಟಡ್ಡೇ ಉತ್ತಮ.

(3) ತೂತು: ತಿರುಪಿನ ಗೆರೆಗಳಲ್ಲಿಯ ಜಂಗನ್ನು ತೆಗೆದು, ತಳದಲ್ಲಿ ಎಣ್ಣೆಯಾಗಲಿ ನೀರಾಗಲಿ ನಿಲ್ಲದಂತೆ ಒಣಗಿಸಬೇಕು. ಯಾಕಂದರೆ ನಿಂತ ಎಣ್ಣೆಗೆ ಹೊರಗೆ ಹೋಗಲು ದಾರಿಯಿಲ್ಲದೆ, ಸ್ಟಡ್ಡು ಇಳಿದಂತೆ ಅದರ ಒತ್ತಡದಿಂದ ಬೀಡು ಸೀಳುವದು. ತೂತಿನ ಬಾಯಿಯ ಅಂಚು ಉಬ್ಬಿದ್ದರೆ ಅದನ್ನು ಕೆತ್ತಿ ಸಮ ಮಾಡತಕ್ಕದ್ದು.

(4) ಕೂಡ್ರಿಸುವದು: ಸ್ಟಡ್ಡನ್ನು ಕೈಯಿಂದ ಇಳಿಸಿ ಹದವಾಗಿ ಬಿಗಿಯಬೇಕು, ಬಲಾತ್ಕಾರ ಸಲ್ಲದು. ತೂತು ನೀರಿನ ಕೋಶಕ್ಕೆ ತೆರೆದಿದ್ದರೆ ಸೋರದಂತೆ ಲೇಪವನ್ನು ಹಚ್ಚಬೇಕು. ಮೂಲೆಮಟ್ಟದಿಂದ ಸ್ಟಡ್ಡು ನೆಟ್ಟಗಿರುವದನ್ನು ನೋಡಿಕೊಳ್ಳತಕ್ಕದ್ದು.

(5) ಬಿಗಿಯುವದು: ಗ್ಯಾಸ್ಕೆಟ್ಟು, ಹೆಡ್ಡುಗಳನ್ನಿಟ್ಟು, ನಟ್ಟಿನ ಗೆರೆಗಳಿಗೆ ಸ್ವಲ್ಪ ಎಣ್ಣೆ ಸವರಿ, ಎದುರುಬದುರಿನ ನಟ್ಟುಗಳನ್ನು ಮೂರು ಸರದಿಯಲ್ಲಿ ತಯಾರಕರು ಹೇಳಿದ ಬಿಗಿಗೆ ತರಬೇಕು. ಒಂದೇ ನಟ್ಟನ್ನು ಒಮ್ಮೆಲೇ ಬಿಗಿದರೆ ಹೆಡ್ಡು ಓರೆಯಾಗುವದು. ಮೊದಲ ಸಲ ಓಡಿಸಿ ಎಂಜಿನವು ತಣ್ಣಗಾದ ಬಳಿಕ ಮತ್ತೊಮ್ಮೆ ಬಿಗಿದು, ವಾಲ್ವುಗಳ ಸಂದನ್ನು ಸರಿಪಡಿಸತಕ್ಕದ್ದು.

ಇದರಲ್ಲಿ ಕಠಿಣವಾದದ್ದೇನೂ ಇಲ್ಲ. ಅವಸರವೇ ಇದರ ಶತ್ರು. ಆದಕಾರಣ ಗೌಡರೂ ಜಮೀನದಾರರೂ ನೀರಿನ ಕಾಲ ಬರುವದಕ್ಕೆ ಮುಂಚೆಯೇ ಮಿಸ್ತ್ರಿಯನ್ನು ಕರೆಸಿ, ಎದುರಿನಲ್ಲಿ ನಿಂತು ಈ ಕೆಲಸವನ್ನು ಮಾಡಿಸುವದು ಹಿತಕರವು.