ವಾಲ್ವ್ ಲೀಕ್ ಅಂತೆ ಎಂದು ಬಂದವರಿಗೆ

ಹೆಲ್ತ್ ಚೆಕಪ್‌ಗೆ ಹೋಗಿ ಎಕೋ ವರದಿ ಹಿಡಿದು, ಮುಖ ಬಾಡಿಸಿಕೊಂಡು ಬರುವವರು ನೆಂಟರಲ್ಲಿ ವರ್ಷವರ್ಷವೂ ಹೆಚ್ಚುತ್ತಿದ್ದಾರೆ. ಅವರಿಗೆ ನನ್ನದೊಂದಿಷ್ಟು ಕಿವಿಮಾತು.

• ಕವಾಟದ ಹೆಸರಿಗೆ ಹೆದರುವ ಮೊದಲು ಅದರ ಹಿಂದಿನ ಪದ ನೋಡಿ: ಟ್ರಿವಿಯಲ್, ಮೈಲ್ಡ್, ಮಾಡರೇಟ್, ಸಿವಿಯರ್. ‘ಟ್ರಿವಿಯಲ್ ಎಮ್‌ಆರ್, ಟಿಆರ್’ ಎಂದರೆ ಮೈಟ್ರಲ್, ಟ್ರೈಕಸ್ಪಿಡ್ ಎಂಬ ಎರಡು ಕವಾಟಗಳು ಮುಚ್ಚುವಾಗ ಚೂರು ರಕ್ತ ಹಿಂದಕ್ಕೆ ಜಿನುಗುತ್ತಿದೆ, ಅಷ್ಟೇ. ಗಟ್ಟಿಮುಟ್ಟಾದವರ ಹೃದಯದಲ್ಲೂ ಡಾಪ್ಲರ್‌ಗೆ ಇದು ಧಾರಾಳವಾಗಿ ಕಾಣುತ್ತದೆ.

• ಅಯೋರ್ಟಿಕ್ ಕವಾಟದ ಮುಂದೆ ‘ಸ್ಕ್ಲೆರೋಸಿಸ್’ ಇದ್ದರೆ ಅದು ವಯಸ್ಸಿಗೆ ದಪ್ಪಗಾಗಿದೆ, ರಕ್ತಕ್ಕೆ ತಡೆಯಿಲ್ಲ. ‘ಸ್ಟೆನೋಸಿಸ್’ ಇದ್ದರೆ ದಾರಿ ಕಿರಿದಾಗಿದೆ. ಆಗ ರಕ್ತದ ವೇಗ ಎಷ್ಟೆಂದು ಕೇಳಿ. ಸೆಕೆಂಡಿಗೆ 3 ಮೀಟರ್ ಒಳಗಿದ್ದರೆ ಸೌಮ್ಯ. ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೊಮ್ಮೆ ಎಕೋ ಸಾಕು. 4 ಮೀಟರ್ ಮುಟ್ಟಿದರೆ ತೀವ್ರ, ಹೃದ್ರೋಗ ತಜ್ಞರನ್ನು ಕಾಣಲು ತಡ ಬೇಡ.

• ಮೆಟ್ಟಿಲಲ್ಲಿ ಏದುಸಿರು, ಎದೆಬಿಗಿತ, ಕೆಲಸದ ನಡುವೆ ಕಣ್ಣುಕತ್ತಲೆ, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು, ಇವನ್ನು ವೈದ್ಯರಿಗೆ ತಪ್ಪದೆ ಹೇಳಿ. ನಮ್ಮ ಹೆಂಗಸರು ಮಹಡಿ ಹತ್ತುವುದನ್ನೇ ಬಿಟ್ಟು ‘ನನಗೇನೂ ಇಲ್ಲ’ ಎನ್ನುವವರು. ‘ಸುಸ್ತಾಗುತ್ತಾ?’ ಎಂದು ಕೇಳಿದರೆ ಉಪಯೋಗವಿಲ್ಲ. ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದೀರಿ ಎಂದು ಕೇಳಿ.

• ಚಿಕ್ಕ ವಯಸ್ಸಿನವರ ವರದಿಯಲ್ಲಿ ‘ಆರ್‌ಎಚ್‌ಡಿ’ ಇದ್ದರೆ ಅದು ಬಾಲ್ಯದ ಗಂಟಲು ಸೋಂಕು, ಕೀಲುಬಾವಿನ ಜ್ವರ ಕವಾಟದಲ್ಲಿ ಉಳಿಸಿಹೋದ ಗಾಯ. ಜ್ವರ ಮರುಕಳಿಸದಂತೆ 3–4 ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಬರೆದಿದ್ದರೆ, ಹುಷಾರಾಗಿದ್ದಾನೆಂದು ನಡುವೆ ನಿಲ್ಲಿಸಬೇಡಿ. ಹುಡುಗಿಯಾದರೆ ಮದುವೆ ಕೆಡುತ್ತದೆಂದು ವರದಿಯನ್ನು ಬೀರುವಿನಲ್ಲಿ ಮುಚ್ಚಿಡುವವರಿದ್ದಾರೆ; ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಗೊತ್ತಿಲ್ಲ. ಬಸುರಿನಲ್ಲಿ ಮೈಯ ರಕ್ತ ಹೆಚ್ಚುತ್ತದೆ. ಈ ಗಾಯದಿಂದ ಕಿರಿದಾದ ಮೈಟ್ರಲ್ ಕವಾಟಕ್ಕೆ ಅದನ್ನು ಸಾಗಿಸಲಾಗದೆ ಶ್ವಾಸಕೋಶಕ್ಕೆ ನೀರಿಳಿಯಬಹುದು. ಬಸುರಿಗೆ ಮೊದಲೇ ತೋರಿಸಿದರೆ ಎಷ್ಟೋ ಜನಕ್ಕೆ ಎದೆ ಸೀಳದೆ, ತೊಡೆಯ ರಕ್ತನಾಳದಿಂದ ಬಲೂನ್ ಕಳಿಸಿ ಅಗಲಿಸಬಹುದು. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಇದು ಅಪರೂಪದ ಚಿಕಿತ್ಸೆಯೇನಲ್ಲ.

• ‘ಬೈಕಸ್ಪಿಡ್’, ಅಂದರೆ ಅಯೋರ್ಟಿಕ್ ಕವಾಟದಲ್ಲಿ ಮೂರು ಎಸಳಿರಬೇಕಾದ ಕಡೆ ಎರಡೇ. ಹುಟ್ಟಿನಿಂದ ಬಂದದ್ದು. ಒಡಹುಟ್ಟಿದವರೂ ಮಕ್ಕಳೂ ಒಮ್ಮೆ ಎಕೋ ಮಾಡಿಸಲಿ.

• ಹಳೆಯ ವರದಿಗಳನ್ನು ಎಸೆಯಬೇಡಿ. ಎಕೋ ದಿನದ ಬಿ.ಪಿ.ಯನ್ನೂ ಬರೆಸಿ; ಅದು ಏರಿದ್ದರೆ ಮೈಟ್ರಲ್ ಲೀಕ್ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು.

• ಹಲ್ಲು, ವಸಡು ಚೆನ್ನಾಗಿಟ್ಟುಕೊಳ್ಳಿ. ಅಲ್ಲಿನ ಸೋಂಕು ರಕ್ತದ ಮೂಲಕ ಕವಾಟಕ್ಕೆ ಅಂಟಬಲ್ಲದು.

• ಕವಾಟ ಬದಲಿಸಬೇಕೆಂದರೆ, ರಿಪೇರಿ ಸಾಧ್ಯವೇ ಎಂದು ಮೊದಲು ಕೇಳಿ. ಆಮೇಲೆ ಲೋಹದ್ದೋ, ಅಂಗಾಂಶದ್ದೋ ಎಂಬ ಪ್ರಶ್ನೆ. ಲೋಹದ್ದು ಬಾಳಿಕೆಗೆ ಗಟ್ಟಿ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ವಾರ್ಫರಿನ್‌ನಂಥ ಮಾತ್ರೆ, ಅದರ ಪರಿಣಾಮ ಅಳೆಯಲು ಆಗಾಗ ಐಎನ್‌ಆರ್ ಪರೀಕ್ಷೆ. ಸೊಪ್ಪು ಈ ಮಾತ್ರೆಯ ಪರಿಣಾಮ ಬದಲಿಸುತ್ತದೆಂದು ಅದನ್ನು ಬಿಡಬೇಕಿಲ್ಲ; ಆದರೆ ಒಂದು ವಾರ ದಿನವೂ ಸೊಪ್ಪಿನ ಸಾರು, ಮರುವಾರ ಏನೂ ಇಲ್ಲ ಎಂಬಂತಾಗಬಾರದು. ರಕ್ತಸ್ರಾವದ ಅಪಾಯವಿರುವುದರಿಂದ, ಮಂಡಿನೋವಿಗೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುವ ಅಭ್ಯಾಸವಂತೂ ಅಂದಿನಿಂದಲೇ ಬಂದ್.