ಕಿವಿ, ಮುಖದ ನರ ಮತ್ತು ರಕ್ತನಾಳಗಳ ಒಂದು ವ್ಯಾಧಿ

ರೋಗಾಣುಗಳನ್ನು ಎದುರಿಸುವ ರಕ್ಷಣಾಶಕ್ತಿಯೊಂದು ನಮ್ಮ ಶರೀರದಲ್ಲಿ ಉಂಟೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಒಮ್ಮೊಮ್ಮೆ ಅದು ದಾರಿತಪ್ಪಿ, ಬೇಲಿಯೇ ಎದ್ದು ಹೊಲ ಮೇಯ್ದಂತೆ, ಸ್ವಂತ ದೇಹವನ್ನೇ ಪೀಡಿಸುತ್ತದೆ. ಈ ಪೀಡೆ ಸಣ್ಣ ರಕ್ತನಾಳಗಳಿಗೆ ತಗುಲಿದರೆ ಅವುಗಳ ಗೋಡೆ ಬಾತು, ಒಳದಾರಿ ಕಿರಿದಾಗಿ, ಅಂಗಗಳಿಗೆ ರಕ್ತವು ಸಾಲದೆ ಹೋಗುತ್ತದೆ. ಇಂತಹ ವ್ಯಾಧಿಯೊಂದನ್ನು ಜರ್ಮನಿಯ ವೈದ್ಯ ಫ್ರೀಡ್ರಿಖ್ ವೆಗೆನರ್ 1936 ಮತ್ತು 1939ರಲ್ಲಿ ವರ್ಣಿಸಿದನು. ಬಹುಕಾಲ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದ್ದ ಇದಕ್ಕೆ 2011ರಲ್ಲಿ ‘ಗ್ರಾನ್ಯುಲೊಮ್ಯಾಟೋಸಿಸ್ ವಿತ್ ಪಾಲಿಯಾಂಜೈಟಿಸ್’ ಎಂದು ಹೊಸ ಹೆಸರಾಯಿತು. ಮೂಗು, ಶ್ವಾಸಕೋಶ, ಮೂತ್ರಪಿಂಡಗಳು ಇದರ ಮುಖ್ಯ ನೆಲೆಗಳು. ಆದರೆ ಕೆಲವರಲ್ಲಿ ಇದು ಮೊದಲು ತಲೆದೋರುವುದು ಕಿವಿಯಲ್ಲಿ.

ಇದರ ಕಾರಣವನ್ನು ಅಂಗರಚನೆಯಲ್ಲಿ ನೋಡೋಣ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ನಾಳವುಂಟು. ಮೂಗಿನ ಬಾವಿನಿಂದ ಅದು ಮುಚ್ಚಿಹೋದಾಗ ನಡುಗಿವಿಯಲ್ಲಿ ನೀರು ನಿಲ್ಲುತ್ತದೆ; ಶಬ್ದವು ಒಳಗಿವಿಯನ್ನು ತಲಪದು. ಒಳಗಿವಿಯ ರಕ್ತನಾಳಗಳೇ ಕೆಟ್ಟರೆ ಕಿವುಡುತನ ಇನ್ನೂ ಗಾಢವಾಗುತ್ತದೆ, ತಲೆಸುತ್ತೂ ಬರಬಹುದು. ಇನ್ನು ಮುಖದ ಸ್ನಾಯುಗಳನ್ನು ಆಡಿಸುವ ನರವು ನಡುಗಿವಿಯ ಗೋಡೆಯಲ್ಲಿರುವ ಇಕ್ಕಟ್ಟಾದ ಎಲುಬಿನ ಕೊಳವೆಯೊಳಗೆ ಹಾದುಹೋಗುತ್ತದೆ. ಅಲ್ಲಿ ಬಾವು ಬಂದರೆ ನರವು ಅದುಮಿಹೋಗುತ್ತದೆ. ಆಗ ಆ ಪಾರ್ಶ್ವದ ಕಣ್ಣು ಮುಚ್ಚದು, ಬಾಯಿ ಇನ್ನೊಂದು ಕಡೆಗೆ ಸೊಟ್ಟಗಾಗುತ್ತದೆ, ಕುಡಿದ ನೀರು ತುಟಿಯಂಚಿನಿಂದ ಸೋರುತ್ತದೆ.

ಇದನ್ನು ಸಾಮಾನ್ಯ ಕಿವಿಸೋರುವಿಕೆಯೆಂದು ಎಣಿಸುವುದರಲ್ಲಿಯೇ ಅಪಾಯವಿದೆ. ರೋಗಾಣುನಾಶಕ ಔಷಧಗಳಿಂದ ಈ ವ್ಯಾಧಿ ಇಳಿಯದು. ಕಿವಿಯ ಶಸ್ತ್ರಚಿಕಿತ್ಸೆಯೊಂದರಿಂದಲೇ ವಾಸಿಯಾಗದು. ಇತ್ತ ಕಾಲ ಕಳೆಯುತ್ತಿರುವಾಗ ಅತ್ತ ಮೂತ್ರಪಿಂಡಗಳು ನೋವಿಲ್ಲದೆಯೇ ಕೆಡಬಹುದು. ಆದುದರಿಂದ ವೈದ್ಯರು ಮೂಗಿನಲ್ಲಿ ರಕ್ತಮಿಶ್ರಿತ ಹಕ್ಕಳೆ, ಕೆಂಗಣ್ಣು, ಕೆಮ್ಮಿನಲ್ಲಿ ರಕ್ತ, ಕೀಲುನೋವು ಇವೆಯೇ ಎಂದು ವಿಚಾರಿಸಿ, ಮೂತ್ರವನ್ನೂ ರಕ್ತವನ್ನೂ ಪರೀಕ್ಷಿಸುತ್ತಾರೆ. ‘ಆಂಕಾ’ ಎಂಬ ಪ್ರತಿಕಾಯಕ್ಕೂ ಈ ವ್ಯಾಧಿಗೂ ಇರುವ ಸಂಬಂಧವು 1985ರಲ್ಲಿ ಸ್ಪಷ್ಟವಾಯಿತು. ಅದು ರಕ್ತದಲ್ಲಿ ಕಾಣದಿದ್ದ ಮಾತ್ರಕ್ಕೆ ವ್ಯಾಧಿಯಿಲ್ಲವೆನ್ನಲಾಗದು.

ಚಿಕಿತ್ಸೆಯಿಲ್ಲದ ರೋಗಿಗಳು ಸರಾಸರಿ ಐದು ತಿಂಗಳಷ್ಟೇ ಬದುಕುತ್ತಿದ್ದರೆಂದು 1958ರ ವರದಿಯೊಂದು ತಿಳಿಸಿತು. ಇಂದು ಸ್ಟೀರಾಯ್ಡ್‌ಗಳೊಡನೆ ರಿಟುಕ್ಸಿಮ್ಯಾಬ್ ಅಥವಾ ಸೈಕ್ಲೋಫಾಸ್ಫಮೈಡ್ ಕೊಟ್ಟು ಬಹುಮಂದಿಯಲ್ಲಿ ವ್ಯಾಧಿಯನ್ನು ಹತೋಟಿಗೆ ತರುತ್ತಾರೆ. ಬೇಗ ಆರಂಭಿಸಿದರೆ ಮುಖದ ಚಲನೆ ಮರಳುವ ಸಂಭವ ಹೆಚ್ಚು. ಒಳಗಿವಿಯಲ್ಲಿ ನಷ್ಟವಾದ ಶ್ರವಣಶಕ್ತಿಯಾದರೋ ತಡವಾದರೆ ಮರಳದೆ ಹೋಗಬಹುದು.

ಈ ವ್ಯಾಧಿ ವಿರಳ. ಮಕ್ಕಳಲ್ಲಂತೂ ಇನ್ನೂ ವಿರಳ. ಕಿವಿ ಸೋರಿದವರೆಲ್ಲರೂ ಹೆದರಬೇಕಾಗಿಲ್ಲ. ಆದರೆ ಔಷಧಕ್ಕೆ ಬಗ್ಗದ ಕಿವಿಬೇನೆ, ಕೆಲವೇ ವಾರಗಳಲ್ಲಿ ಹೆಚ್ಚಿದ ಕಿವುಡು, ಜೊತೆಗೆ ಮುಖದ ಸೊಟ್ಟು ಕಂಡಾಗ ‘ಗಾಳಿ ತಗುಲಿತು’ ಎಂದು ಸುಮ್ಮನಿರಬಾರದು. ಕಿವಿಗೆ ಎಣ್ಣೆ ಹೊಯ್ಯಲೂ ಬಾರದು. ಮುಚ್ಚದ ಕಣ್ಣು ಒಣಗದಂತೆ ಕಾಪಾಡಿಕೊಂಡು, ತಡಮಾಡದೆ ಕಿವಿ ಮೂಗು ಗಂಟಲಿನ ತಜ್ಞರನ್ನು ಕಾಣತಕ್ಕದ್ದು. ಉಪಾಧ್ಯಾಯರಾದ ನಾವೂ ಪಾಲಕರೂ ವಿದ್ಯಾರ್ಥಿಗಳೂ ಇಷ್ಟನ್ನು ಅರಿತು ನೆರೆಹೊರೆಯವರಿಗೆ ತಿಳಿಸಿದರೆ, ಒಬ್ಬರ ಶ್ರವಣವಾದರೂ, ಪ್ರಾಣವಾದರೂ ಉಳಿದೀತು.